ಇಂಗ್ಲೆಂಡಿಗೆ ಹೊಸದಾಗಿ ಬಂದಿದ್ದೀರಾ? ಮೊದಲು ಬಾಗಿಲು ಹಾಕೋದು ಕಲಿಯಿರಿ

ಇಲ್ಲಿ ಬಹಳಷ್ಟು ಮನೆಗಳಿಗೆ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಬಾಗಿಲು ಇರುತ್ತದೆ. ಎಳೆದುಕೊಂಡರೆ ಕ್ಲಿಕ್ ಅಂತ ಕೂರುತ್ತದೆ. ಲಾಕ್ ಆಯಿತು ಅಂತ ಹೊರಟುಬಿಡುತ್ತೀರಿ. ಆದರೆ ಲಾಕ್ ಆಗಿರುವುದಿಲ್ಲ. ಹಿಡಿಯನ್ನು ಮೇಲಕ್ಕೆ ಎತ್ತಬೇಕು, ಆಗ ಬಾಗಿಲಿನ ಮೇಲೆ, ಮಧ್ಯೆ, ಕೆಳಗೆ ಇರುವ ಕೊಕ್ಕೆಗಳು ಚೌಕಟ್ಟಿನೊಳಗೆ ಹೋಗಿ ಕೂರುತ್ತವೆ. ಆಮೇಲೆ ಕೀ ತಿರುಗಿಸಬೇಕು. ಮನೆಯಲ್ಲಿದ್ದಾಗಲೂ, ರಾತ್ರಿ ಮಲಗುವಾಗಲೂ ಹೀಗೇ ಮಾಡಿ. ಅಂಚೆ ಹಾಕುವ ಕಿಂಡಿಯ ಹತ್ತಿರ ಕೀ ಇಡಬೇಡಿ. ಕಿಂಡಿಯೊಳಗೆ ಕಡ್ಡಿ ತೂರಿಸಿ ಕಾರಿನ ಕೀ ಎಳೆದುಕೊಂಡು ಹೋಗುವವರಿದ್ದಾರೆ. ಆದರೆ ಬೆಂಕಿ ಬಿದ್ದರೆ ಓಡಬೇಕಲ್ವಾ? ಕೀ ಎಲ್ಲಿದೆ ಅನ್ನೋದು ಮನೆಯವರಿಗೆಲ್ಲ ಗೊತ್ತಿರಲಿ.

ಲಾಕಿನಲ್ಲಿ ಕೀ ತೂರಿಸುವ ಭಾಗಕ್ಕೆ ಸಿಲಿಂಡರ್ ಅನ್ನುತ್ತಾರೆ. ಅದು ಹಳೆಯದಾದರೆ ಕಳ್ಳರು ಅದನ್ನೇ ಮುರಿದು ಒಳಗೆ ನುಗ್ಗುತ್ತಾರೆ. ಟಿಎಸ್ 007 ಅನ್ನುವ ಭದ್ರತಾ ಗುಣಮಟ್ಟದ ಮೂರು ನಕ್ಷತ್ರದ ಸಿಲಿಂಡರ್ ಹಾಕಿಸಿಕೊಡಿ ಅಂತ ಮನೆ ಮಾಲೀಕರನ್ನು ಇಮೇಲಿನಲ್ಲೇ ಕೇಳಿ.

ಇನ್ನು ಬಂಗಾರ. ಇದರ ಬಗ್ಗೆ ನನಗೆ ನಿಜಕ್ಕೂ ಚಿಂತೆ. ನಮ್ಮವರ ಮನೆಗಳಲ್ಲಿ 22 ಕ್ಯಾರಟ್ ಒಡವೆ ಇರುತ್ತದೆ ಅನ್ನೋದು ಇಲ್ಲಿನ ಕಳ್ಳರಿಗೆ ಚೆನ್ನಾಗಿ ಗೊತ್ತು. ದೀಪಾವಳಿ ಹತ್ತಿರ ಬಂದಾಗ ಪೊಲೀಸರೇ ಎಚ್ಚರಿಕೆ ಕೊಡುತ್ತಾರೆ. ಮಾಲೀಕರ ವಿಮೆ ಕಟ್ಟಡಕ್ಕೆ ಮಾತ್ರ, ನಿಮ್ಮ ಸಾಮಾನಿಗಲ್ಲ. ನಿಮ್ಮದೇ ಕಂಟೆಂಟ್ಸ್ ಇನ್ಶೂರೆನ್ಸ್ ಮಾಡಿಸಿ. ಅದರಲ್ಲೂ ಒಂದೊಂದು ವಸ್ತುವಿಗೆ ಇಷ್ಟೇ ಅಂತ ಮಿತಿ ಇರುತ್ತದೆ. ಅದಕ್ಕಿಂತ ಜಾಸ್ತಿ ಬೆಲೆಯ ಬಳೆ, ಹಾರವನ್ನು ಹೆಸರಿಸಿ ಬರೆಸಬೇಕು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದಿಡಿ. ಊರಿನ ಅಂಗಡಿಯ ಬಿಲ್ಲನ್ನೂ ಜೋಪಾನ ಮಾಡಿ. ಬ್ಯಾಂಕ್ ಲಾಕರ್ ಇಲ್ಲಿ ಸುಲಭಕ್ಕೆ ಸಿಗಲ್ಲ. ನನ್ನ ಮಾತು ಕೇಳಿ, ದಿನಾ ಹಾಕಿಕೊಳ್ಳುವಷ್ಟನ್ನು ಮಾತ್ರ ತನ್ನಿ. ಉಳಿದದ್ದು ಊರಿನ ಲಾಕರಿನಲ್ಲೇ ಇರಲಿ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲಂತೂ ನಾಲ್ಕೂವರೆಗೆಲ್ಲ ಕತ್ತಲು. ನೀವು ಆಫೀಸಿನಲ್ಲಿರುವಾಗ ಮನೆಯ ದೀಪ ತಾನೇ ಹತ್ತುವ ಹಾಗೆ ಟೈಮರ್ ಹಾಕಿ.

ಕ್ಯಾಮೆರಾಗಿಂತ ಪಕ್ಕದ ಮನೆಯವರು ದೊಡ್ಡ ಕಾವಲು ಅನ್ನೋದು ನನ್ನ ಅನುಭವ. ಮನೆಗೆ ಬಂದ ವಾರದೊಳಗೇ ಹೋಗಿ ಪರಿಚಯ ಮಾಡಿಕೊಳ್ಳಿ. ಊರಿಗೆ ಹೋದಾಗ ಚಕ್ರವಿರುವ ಕಸದ ಡಬ್ಬಿ ದಿನಗಟ್ಟಲೆ ಬೀದಿಯಲ್ಲೇ ನಿಂತರೆ ಮನೆ ಖಾಲಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಕಸದ ದಿನ ಅದನ್ನು ಒಳಗೆ ತಳ್ಳಿಡಿ ಅಂತ ಅವರಿಗೆ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಬೀದಿಯಲ್ಲಿ ನೇಬರ್‌ಹುಡ್ ವಾಚ್, ಅಂದರೆ ನೆರೆಹೊರೆಯವರೇ ಒಬ್ಬರ ಮನೆ ಮೇಲೆ ಒಬ್ಬರು ಕಣ್ಣಿಡುವ ಗುಂಪು ಇದ್ದರೆ ಸೇರಿಕೊಳ್ಳಿ. 1982ರಲ್ಲಿ ಚೆಷೈರ್‌ನ ಮೊಲಿಂಗ್ಟನ್ ಹಳ್ಳಿಯಲ್ಲಿ ಶುರುವಾದ ಈ ವ್ಯವಸ್ಥೆ ಇವತ್ತಿಗೂ ನಡೆಯುತ್ತಿದೆ. ವಿಮಾನ ಹತ್ತುವ ಫೋಟೋವನ್ನು ವಾಪಸ್ ಬಂದಮೇಲೆ ಸ್ಟೇಟಸ್ಸಿಗೆ ಹಾಕಿದರಾಯಿತು.

ಕಳ್ಳ ಒಳಗಿದ್ದಾನೆ ಅನ್ನಿಸಿದರೆ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ. ಎಲ್ಲ ಮುಗಿದ ಮೇಲೆ ಗೊತ್ತಾದರೆ, ತುರ್ತಿಲ್ಲದ್ದಕ್ಕೆ ಇರುವ ಪೊಲೀಸರ ನಂಬರ್ 101. ಏನನ್ನೂ ಮುಟ್ಟಬೇಡಿ. ಪೊಲೀಸರು ಕೊಡುವ ಕ್ರೈಮ್ ರೆಫರೆನ್ಸ್ ನಂಬರನ್ನು ಬರೆದಿಟ್ಟುಕೊಳ್ಳಿ, ವಿಮೆಯವರು ಮೊದಲು ಕೇಳುವುದೇ ಅದು.

ಅಪ್ಪ ಅಮ್ಮ ಊರಿಂದ ಬಂದು ಹಗಲು ಒಬ್ಬರೇ ಇರುತ್ತಾರಲ್ಲ, ನೀರಿನ ಕಂಪನಿಯವರು ಅಂತ ಯಾರೇ ಬಂದರೂ ಬಾಗಿಲು ತೆರೆಯಬೇಡಿ ಅಂತ ಅವರಿಗೆ ಹೇಳಿಡಿ. ತುರ್ತಿನಲ್ಲಿ ಫೋನ್ ಮಾಡಿದಾಗ ವಿಳಾಸ ಹೇಳಲು ಮನೆ ನಂಬರನ್ನೂ ಪೋಸ್ಟ್‌ಕೋಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.