ಹಳೇ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಆಗುತ್ತಿಲ್ಲವೇ? ಮೊದಲು ತಾರೀಕು ನೋಡಿ

ವಿಂಡೋಸ್ 10 ಇರುವ ಹಳೇ ಡೆಸ್ಕ್‌ಟಾಪ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಪದೇ ಪದೇ ಫೇಲ್ ಆಗುತ್ತಿದೆಯಾ? ಫಾರ್ಮ್ಯಾಟ್ ಮಾಡಿಸಲು ಓಡಬೇಡಿ. ಪರದೆಯ ಮೂಲೆಯಲ್ಲಿ ತಾರೀಕು ನೋಡಿ. ಆನ್ ಮಾಡಿದಾಗಲೆಲ್ಲ ಯಾವುದೋ ಹಳೇ ವರ್ಷ ತೋರಿಸುತ್ತಿದ್ದರೆ, ಮದರ್‌ಬೋರ್ಡಿನ ಬಟನ್ ಬ್ಯಾಟರಿ ಮುಗಿದಿರುವುದೇ ಜಾಸ್ತಿ. ತಾರೀಕು ತಪ್ಪಿದ್ದರೆ ಅಪ್‌ಡೇಟ್ ಕಳಿಸುವ ಸರ್ವರ್‌ನ ಸರ್ಟಿಫಿಕೇಟನ್ನು (ಅದು ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತು) ಕಂಪ್ಯೂಟರ್ ನಂಬುವುದಿಲ್ಲ, ಅಪ್‌ಡೇಟ್ ಇಳಿಯುವುದೂ ಇಲ್ಲ. ಸಾಮಾನ್ಯವಾಗಿ ಸಿಆರ್2032 ಬ್ಯಾಟರಿ ಹಿಡಿಸುತ್ತದೆ, ವಾಚ್ ಅಂಗಡಿಯಲ್ಲೂ ಕೇಳಿ ನೋಡಿ. ಪವರ್ ಕೇಬಲ್ ತೆಗೆದ ಮೇಲೆಯೇ ಬದಲಿಸಿ, ದಯವಿಟ್ಟು. ಆಮೇಲೆ ತಾರೀಕು, ಸಮಯ ಸರಿಮಾಡಿ.

ತಾರೀಕು ಸರಿಯಿದ್ದರೆ ಸಿ ಡ್ರೈವ್‌ನಲ್ಲಿ ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ಡಿಸ್ಕ್ ಕ್ಲೀನಪ್ ಮಾಡಿ.

ಇನ್ನೊಂದು ವಿಷಯ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಮೇಲಿನ ಸೆಕ್ಯುರಿಟಿ ಅಪ್‌ಡೇಟ್ ಬೇಕಿದ್ದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಇಎಸ್‌ಯು (ಬೆಂಬಲ ಮುಗಿದ ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಮೈಕ್ರೋಸಾಫ್ಟ್ ಯೋಜನೆ) ನೋಂದಣಿ ಆಗಿದೆಯಾ ಅಂತಲೂ ನೋಡಿ.