ಜೀತದಿಂದ ಬಿಡುಗಡೆ ಪತ್ರದವರೆಗೆ: ಬಡವರ ಪರ ನಿಲ್ಲುವ ವಕೀಲರು ಮಾಡಬೇಕಾದ ಕೆಲಸ

ಜೀತ ಪದ್ಧತಿಯನ್ನು ರದ್ದುಪಡಿಸಿದ ಕಾಯ್ದೆ 1976ರದು. ಅದು 1975ರ ಅಕ್ಟೋಬರ್ 25ರಿಂದಲೇ ಜಾರಿಗೆ ಬಂದಿತೆಂದು ಕಾಯ್ದೆಯೇ ಹೇಳುತ್ತದೆ. ಅಂದಿನಿಂದ ದುಡಿಮೆಯನ್ನು ಅಡವಿಟ್ಟು ಪಡೆದ ಯಾವ ಸಾಲವೂ ಕಾನೂನಿನ ದೃಷ್ಟಿಯಲ್ಲಿ ಸಾಲವಾಗಿ ಉಳಿದಿಲ್ಲ. ಆದರೂ ಇಟ್ಟಿಗೆ ಗೂಡುಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ, ಹೊಲ–ತೋಟಗಳಲ್ಲಿ ‘ಮುಂಗಡ’ದ ಹೆಸರಿನಲ್ಲಿ ಅದೇ ಜೀತ ನಡೆಯುತ್ತಿದೆ. ಇಂಥ ಸ್ಥಳದಿಂದ ಒಂದು ಕುಟುಂಬವನ್ನು ಹೊರಗೆ ಕರೆತಂದರೆ ಕೆಲಸ ಮುಗಿಯಿತೆಂದು ಭಾವಿಸುವವರು ಬಹಳ. ಆದರೆ ಜೀತದಿಂದ ಬಿಡುಗಡೆಯಾಗಿದೆ, ಸಾಲ ರದ್ದಾಗಿದೆ ಎಂದು ಜಿಲ್ಲಾಡಳಿತ ಬರೆದುಕೊಡುವ ಬಿಡುಗಡೆ ಪತ್ರ ಕೈಗೆ ಬಾರದೆ ಊರಿಗೆ ಮರಳಿದ ಕುಟುಂಬಕ್ಕೆ ಪುನರ್ವಸತಿಯ ಹಣ ಸಿಗುವುದಿಲ್ಲ, ಸಾಲ ರದ್ದಾಗಿದೆ ಎಂಬುದಕ್ಕೆ ತೋರಿಸಲು ದಾಖಲೆಯೂ ಇರುವುದಿಲ್ಲ. ಹೀಗಾಗಿ ಮುಂದಿನ ಹಂಗಾಮಿಗೆ ಅದೇ ಮೇಸ್ತ್ರಿಯ ಬಳಿ ಮತ್ತೆ ಮುಂಗಡ ಪಡೆಯುವುದು ಬಿಟ್ಟು ಬೇರೆ ದಾರಿ ಕಾಣದಂತಾಗುತ್ತದೆ. ಈ ಕ್ಷೇತ್ರಕ್ಕೆ ಹೊಸದಾಗಿ ಬರುತ್ತಿರುವ ಯುವ ವಕೀಲರಿಗೆ, ಕಾನೂನು ಸೇವಾ ಸಮಿತಿಗಳ ಅರೆಕಾಲಿಕ ಕಾನೂನು ಸ್ವಯಂಸೇವಕರಿಗೆ, ತಮ್ಮೂರಿನ ಪಕ್ಕದಲ್ಲೇ ಇಂಥದ್ದನ್ನು ಕಂಡು ಏನು ಮಾಡಬೇಕೆಂದು ತಿಳಿಯದ ಓದುಗರಿಗೆ ಈ ಲೇಖನ.

ಮೊದಲು, ಯಾವುದು ಜೀತ ಎಂಬ ಸ್ಪಷ್ಟತೆ

ಕಾಲಿಗೆ ಸರಪಳಿ, ಕೋಣೆಗೆ ಬೀಗ ಇದ್ದರೆ ಮಾತ್ರ ಜೀತ ಎಂಬ ತಪ್ಪು ಕಲ್ಪನೆ ಅಧಿಕಾರಿಗಳಲ್ಲೂ ಇದೆ. ಕಾಯ್ದೆಯ ವ್ಯಾಖ್ಯೆ ಅದಕ್ಕಿಂತ ಬಹಳ ವಿಶಾಲವಾದುದು. ಮುಂಗಡ ಅಥವಾ ಸಾಲದ ಕಾರಣಕ್ಕೆ, ಹಿರಿಯರಿಂದ ಬಂದ ಋಣದ ಕಾರಣಕ್ಕೆ, ಅಥವಾ ಹುಟ್ಟಿದ ಜಾತಿಯ ಕಾರಣಕ್ಕೆ ಒಬ್ಬ ವ್ಯಕ್ತಿ ಕೂಲಿಯಿಲ್ಲದೆ ಇಲ್ಲವೇ ಹೆಸರಿಗಷ್ಟೇ ಕೂಲಿ ಪಡೆದು ದುಡಿಯಬೇಕಾಗಿದ್ದರೆ, ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡಿದ್ದರೆ, ಓಡಾಡುವ ಸ್ವಾತಂತ್ರ್ಯ ಕಳೆದುಕೊಂಡಿದ್ದರೆ, ಅಥವಾ ತನ್ನ ಬೆಳೆ–ವಸ್ತುವನ್ನು ಮಾರುಕಟ್ಟೆ ಬೆಲೆಗೆ ಮಾರಲಾಗದಿದ್ದರೆ, ಅದು ಜೀತ. ಈ ನಾಲ್ಕರಲ್ಲಿ ಒಂದು ಸಾಬೀತಾದರೂ ಸಾಕು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಹೇಳಿತು. ಹಸಿವು, ಬಡತನಗಳ ಒತ್ತಾಯವೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು. ಮುಂದೆ 1984ರಲ್ಲಿ ವರದಿಯಾದ, ಬಂಧುವಾ ಮುಕ್ತಿ ಮೋರ್ಚಾ ಎಂಬ ಜೀತ ವಿಮೋಚನಾ ಸಂಘಟನೆಯ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡ ಇದೆಯೆಂದೇ ನ್ಯಾಯಾಲಯ ಭಾವಿಸಬೇಕು, ಇಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದಿತು. ಕಾಯ್ದೆಯ 15ನೇ ಕಲಮಿನಲ್ಲೂ ಇದೇ ದೃಷ್ಟಿಯಿದೆ: ಇದು ಜೀತದ ಸಾಲ ಎಂದು ಕಾರ್ಮಿಕ ಹೇಳಿದರೆ, ಅಲ್ಲವೆಂದು ರುಜುವಾತುಪಡಿಸಬೇಕಾದವನು ಸಾಲ ಕೊಟ್ಟವನು. ವಿಚಾರಣೆಯಲ್ಲಿ ಕೂಲಿಯವರಿಂದ ಕರಾರು ಪತ್ರ, ರಸೀದಿ ಕೇಳುವ ಅಧಿಕಾರಿಗೆ ಈ ಕಲಮನ್ನು ವಿನಯದಿಂದ ಓದಿ ತೋರಿಸಬೇಕಾಗುತ್ತದೆ.

ಎರಡನೆಯದು, ಹೇಳಿಕೆ ಪಡೆಯುವುದು

ಇಡೀ ಪ್ರಕರಣ ನಿಲ್ಲುವುದೂ ಬೀಳುವುದೂ ಇಲ್ಲಿಯೇ ಎಂದು ನಾನು ನಂಬಿದ್ದೇನೆ. ‘ನೀವು ಜೀತಕ್ಕಿದ್ದೀರಾ?’ ಎಂದು ಕೇಳಿದರೆ ಬಹುತೇಕರು ಇಲ್ಲವೆಂದೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ತಾವು ಸಾಲ ತೀರಿಸುತ್ತಿರುವ ಮರ್ಯಾದಸ್ಥರು. ‘ಈಸ್ಕೊಂಡ್ ಮ್ಯಾಲೆ ದುಡೀಬೇಕಲ್ರೀ ಸಾಹೇಬ್ರ’ ಎಂಬ ಮಾತಿನಲ್ಲಿ ನಾಚಿಕೆಯಿಲ್ಲ, ನಿಯತ್ತಿದೆ. ಆ ನಿಯತ್ತನ್ನು ಅವಮಾನಿಸದೆ, ದಿನಚರಿಯಿಂದ ಮಾತು ಶುರುಮಾಡಬೇಕು. ಬೆಳಿಗ್ಗೆ ಎಷ್ಟು ಹೊತ್ತಿಗೆ ಮಣ್ಣು ಕಲಸಲು ಇಳಿಯುತ್ತೀರಿ? ಸಾವಿರ ಇಟ್ಟಿಗೆಗೆ ಎಷ್ಟು ಎಂದು ಮಾತಾಗಿತ್ತು? ವಾರದ ಬಟವಾಡೆ ದಿನ ಪೂರ್ತಿ ಕೂಲಿ ಕೊಡುತ್ತಾರೋ, ಅಕ್ಕಿ–ಎಣ್ಣೆಗೆ ಬೇಕಾದಷ್ಟು ಖರ್ಚಿಗೆ ಕೊಟ್ಟು ಉಳಿದದ್ದನ್ನು ಸಾಲಕ್ಕೆ ಹಿಡಿಯುತ್ತಾರೋ? ಆ ಲೆಕ್ಕದ ಪುಸ್ತಕ ಯಾರ ಬಳಿ ಇದೆ, ಅದನ್ನು ನಿಮಗೆ ಯಾವತ್ತಾದರೂ ಓದಿ ಹೇಳಿದ್ದಾರೆಯೇ? ಊರಿನಲ್ಲಿ ಸಾವಾದಾಗ ಗಂಡ–ಹೆಂಡತಿ ಇಬ್ಬರನ್ನೂ ಕಳಿಸಿದರೇ, ಅಥವಾ ಮಕ್ಕಳನ್ನು ಇಲ್ಲೇ ಬಿಟ್ಟು ಹೋಗಿ ಎಂದರೇ? ಆಧಾರ್, ರೇಷನ್ ಕಾರ್ಡು ಯಾರ ಕೈಯಲ್ಲಿವೆ? ಓಡಿಹೋದವರನ್ನು ಹುಡುಕಿ ತಂದದ್ದು ಉಂಟೇ?

ಮಕ್ಕಳನ್ನು ಒತ್ತೆಯಂತೆ ಉಳಿಸಿಕೊಂಡು ತಂದೆಯನ್ನು ಮಾತ್ರ ಊರಿಗೆ ಕಳಿಸಿದ ಒಂದು ಉತ್ತರ, ಓಡಾಟದ ಸ್ವಾತಂತ್ರ್ಯ ಇರಲಿಲ್ಲ ಎಂಬುದಕ್ಕೆ ಹತ್ತು ಪುಟದ ವಾದಕ್ಕಿಂತ ಬಲವಾದ ಸಾಕ್ಷ್ಯ. ಹಾಗಾಗಿ ಹೇಳಿಕೆಯನ್ನು ಅವರ ಮಾತಿನಲ್ಲೇ, ಅವರು ಬಳಸಿದ ಪದಗಳಲ್ಲೇ ಬರೆದುಕೊಳ್ಳಬೇಕು. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿ, ಎಲ್ಲ ಕುಟುಂಬಗಳಿಗೂ ಒಂದೇ ಒಕ್ಕಣೆಯ ಹೇಳಿಕೆ ಹಾಕಿ ಹೆಬ್ಬೆಟ್ಟು ಒತ್ತಿಸಿದ ಕಡತಗಳು ಪಾಟೀಸವಾಲಿನಲ್ಲಿ ಉಳಿಯುವುದಿಲ್ಲ. ಬರೆದದ್ದನ್ನು ಓದಿ ಹೇಳಿ, ಅರ್ಥವಾಯಿತೆಂದು ಖಚಿತಪಡಿಸಿಕೊಂಡು, ಹಾಗೆ ಓದಿ ಹೇಳಲಾಗಿದೆ ಎಂಬ ಷರಾ ಬರೆದ ಮೇಲೆಯೇ ಹೆಬ್ಬೆಟ್ಟು ಅಥವಾ ಸಹಿ. ಒಡಿಶಾ, ಆಂಧ್ರದಿಂದ ಬಂದ ಕುಟುಂಬಗಳಾಗಿದ್ದರೆ ಅವರ ಭಾಷೆ ಬಲ್ಲವರು ಜೊತೆಗಿರಬೇಕು. ಗೂಡಿನ ಮೇಸ್ತ್ರಿಯನ್ನೇ ದುಭಾಷಿಯಾಗಿ ಕೂರಿಸಿಕೊಳ್ಳುವುದು ಅಕ್ಷಮ್ಯ. ಹೆಂಗಸರ ಹೇಳಿಕೆಯನ್ನು ಹೆಂಗಸರೇ, ಗಂಡಂದಿರಿಂದ ಪ್ರತ್ಯೇಕವಾಗಿ ಕೂತು ಪಡೆಯುವುದು ಒಳ್ಳೆಯದು. ಕೂಲಿಯ ಲೆಕ್ಕದಲ್ಲಿ ಗಂಡನ ಹೆಸರಷ್ಟೇ ಇರುತ್ತದೆ, ದುಡಿದವರು ಮಾತ್ರ ಇಬ್ಬರೂ. ಮಕ್ಕಳಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ತಿಳಿಸಬೇಕು.

ಸ್ಥಳಕ್ಕೆ ಹೋಗಿ ಫೋಟೊ, ವಿಡಿಯೊ ತೆಗೆದು ಹಂಚುವ ಆತುರ ಬೇಡ. ಅಧಿಕಾರಿಗಳು ಬರುವ ಮೊದಲೇ ಸುದ್ದಿ ಹರಡಿದರೆ ಕುಟುಂಬಗಳನ್ನು ರಾತ್ರೋರಾತ್ರಿ ಬೇರೆ ಜಾಗಕ್ಕೆ ಸಾಗಿಸಿಬಿಡುತ್ತಾರೆ.

ಮೂರನೆಯದು, ದೂರು

ದೂರು ಸಲ್ಲಬೇಕಾದದ್ದು ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ. ಪೊಲೀಸ್ ಠಾಣೆಗೆ ಮಾತ್ರ ಹೋದರೆ ಹೊಡೆದಾಟದ ಅಥವಾ ಕೂಲಿ ಬಾಕಿಯ ಪ್ರಕರಣವಾಗಿ ಅದು ಕುಗ್ಗಿಹೋಗುವ ಅಪಾಯವಿದೆ. ಸ್ಥಳದ ಗುರುತು, ಕುಟುಂಬಗಳ ಸಂಖ್ಯೆ, ಮಕ್ಕಳಿದ್ದರೆ ಅವರ ವಯಸ್ಸು, ಮುಂಗಡದ ಮೊತ್ತ, ಕೊಟ್ಟ ತಿಂಗಳು ಇಷ್ಟನ್ನು ಎರಡು ಪುಟ ಮೀರದಂತೆ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕದ ಸ್ವೀಕೃತಿ ಪಡೆಯಬೇಕು. ಈ ಸ್ವೀಕೃತಿ ಮುಂದೆ ಹೈಕೋರ್ಟಿನಲ್ಲಿ ಬೇಕಾಗುತ್ತದೆ. ಜಿಲ್ಲೆ ಮತ್ತು ಉಪವಿಭಾಗ ಮಟ್ಟದಲ್ಲಿ, ಕಾಯ್ದೆಯ ಜಾರಿಯ ಮೇಲೆ ಕಣ್ಣಿಡುವ ಜಾಗೃತ ಸಮಿತಿಗಳು ಇರಬೇಕೆಂದು ಕಾಯ್ದೆಯ 13ನೇ ಕಲಮು ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದ ಮೂವರು ಸದಸ್ಯರು ಅದರಲ್ಲಿ ಇರಬೇಕು. ಅವರಿಗೂ ಒಂದು ಪ್ರತಿ ಕಳಿಸಿ. ಕರ್ನಾಟಕದಲ್ಲಿ ಜೀತ ವಿಮುಕ್ತಿ ಕರ್ನಾಟಕ, ಅಂದರೆ ‘ಜೀವಿಕ’ದ ಕಾರ್ಯಕರ್ತರು ಹಳ್ಳಿಗಳಲ್ಲಿ ಜೀತದಾಳುಗಳನ್ನು ಗುರುತಿಸಿ ಅರ್ಜಿ ಹಾಕಿಸುವ ಕೆಲಸವನ್ನು ದಶಕಗಳಿಂದ ಮಾಡುತ್ತಾ ಬಂದಿದ್ದಾರೆ. ಇಂಥ ಸಂಘಟನೆಗಳ ಜೊತೆ ಸೇರಿ ನಡೆಯುವ ವಕೀಲರಿಗೆ ಸಾಕ್ಷಿಗಳು ಕೊನೆಯವರೆಗೂ ಜೊತೆಯಲ್ಲಿ ಉಳಿಯುತ್ತಾರೆ.

ವಕೀಲರ ಶುಲ್ಕದ ಪ್ರಶ್ನೆ ಬಂದರೆ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ, ಮಾನವ ಸಾಗಣೆಗೆ ಅಥವಾ ಬಿಟ್ಟಿ ದುಡಿಮೆಗೆ ಒಳಗಾದವರಿಗೆ ಆದಾಯ ಎಷ್ಟೆಂದು ನೋಡದೆ ಉಚಿತ ಕಾನೂನು ನೆರವು ಸಿಗಬೇಕು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರಿಗೂ ಹಾಗೆಯೇ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟರೂ ಸಾಕು, 15100ಕ್ಕೆ ಕರೆ ಮಾಡಿದರೂ ಆದೀತು. ಅರ್ಜಿಯ ಮೇಲೆ ಏಳು ದಿನಗಳೊಳಗೆ ತೀರ್ಮಾನವಾಗಬೇಕು. ಹೀಗೆ ನೇಮಕವಾದ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ, ಪಡೆಯುವಂತಿಲ್ಲ.

ನಾಲ್ಕನೆಯದು, ವಿಚಾರಣೆಯ ದಿನ

ಉಪವಿಭಾಗಾಧಿಕಾರಿ, ತಹಶೀಲ್ದಾರ್, ಪೊಲೀಸರು ಸ್ಥಳಕ್ಕೆ ಬಂದ ದಿನ ಎಲ್ಲವೂ ಗಡಿಬಿಡಿಯಲ್ಲಿ ನಡೆಯುತ್ತದೆ. ಅಂದು ವಕೀಲರು ಗಮನಿಸಬೇಕಾದ ಸಂಗತಿಗಳು ಕೆಲವೇ ಇದ್ದರೂ, ತಪ್ಪಿದರೆ ಮತ್ತೆ ಸಿಗದಂಥವು. ಮಾಲೀಕನ ಕಣ್ಣೆದುರಿನಲ್ಲೇ ಕಾರ್ಮಿಕರನ್ನು ಪ್ರಶ್ನಿಸದಂತೆ ನೋಡಿಕೊಳ್ಳಬೇಕು. ಮಹಜರಿನಲ್ಲಿ ಲೆಕ್ಕದ ಪುಸ್ತಕವನ್ನು ವಶಪಡಿಸಿಕೊಂಡದ್ದು ದಾಖಲಾಗಬೇಕು. ಕಾರ್ಮಿಕರ ಪಾತ್ರೆ–ಪಗಡ, ಹಾಸಿಗೆ, ಕಾರ್ಡುಗಳು, ಅವರ ಕೋಳಿ–ಮೇಕೆಗಳೂ ಅವರೊಂದಿಗೆ ಬರಬೇಕು. ‘ಇಬ್ಬರೂ ರಾಜಿಯಾಗಿದ್ದಾರೆ, ಕೂಲಿ ಬಾಕಿ ಕೊಡಿಸಿದ್ದೇವೆ’ ಎಂದು ಬರೆದು ಮುಗಿಸುವ ಪ್ರಯತ್ನ ನಡೆದರೆ ಅದನ್ನು ಅಲ್ಲಿಯೇ, ಬರವಣಿಗೆಯಲ್ಲಿ ಆಕ್ಷೇಪಿಸಬೇಕು: ಜೀತ ಪೊಲೀಸರು ವಾರಂಟಿಲ್ಲದೆ ಕ್ರಮ ಜರುಗಿಸಬಹುದಾದ ಅಪರಾಧ, ಮತ್ತು ರದ್ದಾದ ಸಾಲಕ್ಕೆ ಹಣ ಪಡೆಯುವುದೇ 9ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆ ತರಬಲ್ಲ ಇನ್ನೊಂದು ಅಪರಾಧ.

ಎಲ್ಲಕ್ಕಿಂತ ಮುಖ್ಯವಾದುದು ಬಿಡುಗಡೆ ಪತ್ರ. ಕುಟುಂಬಕ್ಕೊಂದು ಎಂಬಂತೆ ಯಜಮಾನನ ಹೆಸರಿಗೆ ಮಾತ್ರ ಬರೆದುಕೊಡುವ ರೂಢಿಯನ್ನು ಒಪ್ಪಬಾರದು. ದುಡಿದ ಪ್ರತಿಯೊಬ್ಬರಿಗೂ, ಹೆಂಡತಿಗೂ, ದುಡಿದ ಮಕ್ಕಳಿಗೂ ಪ್ರತ್ಯೇಕ ಪತ್ರ ಬೇಕು, ಏಕೆಂದರೆ ಪುನರ್ವಸತಿ ನೆರವು ವ್ಯಕ್ತಿಗೆ ಸಲ್ಲುವಂಥದ್ದು. ಹೆಸರು ಆಧಾರಿನಲ್ಲಿ ಇದ್ದಂತೆಯೇ ಇದೆಯೇ, ಸಹಿ, ಮೊಹರು, ದಿನಾಂಕ, ಕಡತದ ಸಂಖ್ಯೆ ಇವೆಯೇ, ಸಾಲ ರದ್ದಾಗಿದೆ ಎಂಬ ಸಾಲು ಇದೆಯೇ ಎಂದು ಅಲ್ಲೇ ನಿಂತು ಓದಬೇಕು. ಹೆಸರಿನ ಒಂದು ಅಕ್ಷರ ತಪ್ಪಿದರೆ ಬ್ಯಾಂಕಿನಲ್ಲಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ, ಮತ್ತು ಹಾಗೆ ಅಲೆಯಲು ದಿನಗೂಲಿಯವರಿಗೆ ಸಾಧ್ಯವಾಗುವುದಿಲ್ಲ.

ಐದನೆಯದು, ಹಣ ಮತ್ತು ಮೊಕದ್ದಮೆ

1984ರ ನೀರಜಾ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಿಡುಗಡೆಯಾದವರಿಗೆ ಪುನರ್ವಸತಿ ಕಲ್ಪಿಸದಿದ್ದರೆ ಅವರು ಬಡತನದಿಂದ ಮತ್ತೆ ಜೀತಕ್ಕೇ ಜಾರುತ್ತಾರೆಂದು ಎಚ್ಚರಿಸಿತ್ತು. ಕೇಂದ್ರದ ಪುನರ್ವಸತಿ ಯೋಜನೆಯನ್ನು 2016ರಲ್ಲಿ ಪರಿಷ್ಕರಿಸಿದಾಗ ವಯಸ್ಕ ಪುರುಷರಿಗೆ 1 ಲಕ್ಷ ರೂಪಾಯಿ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಮಾನವ ಸಾಗಣೆಯಂಥ ಅತ್ಯಂತ ಘೋರ ಪರಿಸ್ಥಿತಿಯಿಂದ ಬಂದವರಿಗೆ 3 ಲಕ್ಷ ಎಂದು ನಿಗದಿಯಾಯಿತು. ತಕ್ಷಣದ ನೆರವು ಮೊದಲು 20,000 ರೂಪಾಯಿ ಇದ್ದದ್ದು, ಈಗ 30,000ದವರೆಗೆ ಏರಿದೆ. ತಕ್ಷಣದ ನೆರವಿಗೆ ಮೊಕದ್ದಮೆ ಮುಗಿಯಬೇಕಾಗಿಲ್ಲ. ಪೂರ್ತಿ ಹಣಕ್ಕೆ ಮಾತ್ರ ಜೀತ ಸಾಬೀತಾಗುವ ಷರತ್ತು ಅಂಟಿಕೊಂಡಿದೆ. ನನ್ನ ದೃಷ್ಟಿಯಲ್ಲಿ ಇದು ಯೋಜನೆಯ ದೊಡ್ಡ ದೋಷ, ಪೊಲೀಸರ ಮತ್ತು ಸರ್ಕಾರಿ ವಕೀಲರ ಆಲಸ್ಯದ ಶಿಕ್ಷೆ ನೊಂದವರಿಗೆ ತಟ್ಟುತ್ತದೆ. ಷರತ್ತು ಇರುವವರೆಗೆ, ಕ್ರಿಮಿನಲ್ ಪ್ರಕರಣವನ್ನು ‘ಅದು ಸರ್ಕಾರದ ಕೆಲಸ’ ಎಂದು ಬಿಡುವಂತಿಲ್ಲ.

ಜೀತ ರದ್ದತಿ ಕಾಯ್ದೆಯ ಶಿಕ್ಷೆ ಮೂರು ವರ್ಷದವರೆಗೆ ಸೆರೆ, ಎರಡು ಸಾವಿರ ರೂಪಾಯಿವರೆಗೆ ದಂಡ. ಅಪರಾಧ ಜಾಮೀನು ಸಿಗುವಂಥದ್ದು. ಆದ್ದರಿಂದ ಎಫ್‌ಐಆರ್‌ನಲ್ಲಿ ಆ ಒಂದೇ ಕಾಯ್ದೆ ಇದ್ದರೆ ಸಾಲದು. ನೊಂದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ದುಡಿಸಿಕೊಂಡವರು ಆ ಸಮುದಾಯದವರಲ್ಲದಿದ್ದರೆ, ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್) ಅನ್ವಯಿಸುತ್ತದೆ. ಅದರಡಿ ಪರಿಹಾರವೂ ಪ್ರತ್ಯೇಕವಾಗಿ ಸಲ್ಲುತ್ತದೆ, ಜಾಮೀನು ಅರ್ಜಿಯಲ್ಲಿ ನೊಂದವರ ಮಾತನ್ನು ಕೇಳಲೇಬೇಕೆಂದು 15ಎ ಕಲಮು ಹೇಳುತ್ತದೆ. ಆಸೆ ತೋರಿಸಿ, ಮೋಸಮಾಡಿ ಅಥವಾ ಬೆದರಿಸಿ ಕರೆತಂದದ್ದಾದರೆ ಮಾನವ ಸಾಗಣೆಯ ಕಲಮು, ಅಂದರೆ ಭಾರತೀಯ ನ್ಯಾಯ ಸಂಹಿತೆಯ 143, ಸೇರಬೇಕು. ಪೊಲೀಸರು ಸೇರಿಸದಿದ್ದರೆ ಲಿಖಿತ ಮನವಿ ಕೊಟ್ಟು, ನಂತರ ನ್ಯಾಯಾಲಯದ ಮುಂದೆ ಕೇಳಬೇಕು.

ಅಧಿಕಾರಿಗಳು ಅಲುಗಾಡದಿದ್ದರೆ

ಆಗ ಹೈಕೋರ್ಟಿಗೆ, ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಕರ್ತವ್ಯ ನಿರ್ವಹಿಸಿ ಎಂದು ಕೇಳಿದ್ದೆವು, ಅವರು ನಿರಾಕರಿಸಿದರು ಇಲ್ಲವೇ ಸುಮ್ಮನಿದ್ದರು ಎಂದು ತೋರಿಸಲು ಹಿಂದೆ ಹೇಳಿದ ಸ್ವೀಕೃತಿಯ ಪ್ರತಿ ಇಲ್ಲಿ ಅನುಬಂಧವಾಗಿ ಸೇರುತ್ತದೆ. ಧಾರವಾಡ ಮತ್ತು ಕಲಬುರಗಿಯ ಪೀಠಗಳು 2013ರಿಂದ ಕಾಯಂ ಆಗಿರುವುದರಿಂದ ಉತ್ತರ ಕರ್ನಾಟಕದವರು ಬೆಂಗಳೂರಿಗೆ ಬರಬೇಕಾಗಿಲ್ಲ. ಒಂದೆರಡು ಕುಟುಂಬಗಳ ಬಿಡುಗಡೆ ಪತ್ರದ ವಿಷಯವಾದರೆ ಅವರ ಹೆಸರಿನಲ್ಲೇ ಸಾಮಾನ್ಯ ರಿಟ್ ಹಾಕುವುದು ವೇಗದ ದಾರಿ. ಜಿಲ್ಲೆಯಲ್ಲಿ ಜಾಗೃತ ಸಮಿತಿಯೇ ಇಲ್ಲ, ಹತ್ತಾರು ಕಡತಗಳು ವರ್ಷಗಳಿಂದ ಕೊಳೆಯುತ್ತಿವೆ ಎಂಬಂಥ ವಿಷಯಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ತಕ್ಕುದು. ಬಂಧುವಾ ಮುಕ್ತಿ ಮೋರ್ಚಾ ಪ್ರಕರಣ ಆರಂಭವಾದದ್ದು ಫರೀದಾಬಾದ್ ಸುತ್ತಲಿನ ಕ್ವಾರಿಗಳ ಬಗ್ಗೆ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಬರೆದ ಒಂದು ಪತ್ರದಿಂದ. ನ್ಯಾಯಾಲಯ ಇಬ್ಬರು ವಕೀಲರನ್ನು ಕಮಿಷನರುಗಳಾಗಿ ಕ್ವಾರಿಗೇ ಕಳಿಸಿ ವರದಿ ತರಿಸಿಕೊಂಡಿತು. ಇಂದು ಪತ್ರಗಳಿಗೆ ಅಷ್ಟು ಸುಲಭವಾಗಿ ಸ್ಪಂದನೆ ಸಿಗುವುದಿಲ್ಲ. 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪಿನ ನಂತರ ಅರ್ಜಿದಾರರ ಹಿನ್ನೆಲೆ, ಸ್ವಂತ ಲಾಭವಿಲ್ಲ ಎಂಬ ಭರವಸೆ, ಮಾಹಿತಿಯ ನಿಖರತೆ ಎಲ್ಲವನ್ನೂ ನ್ಯಾಯಾಲಯ ಮೊದಲು ಪರಿಶೀಲಿಸುತ್ತದೆ. ಹೆಚ್ಚಿನ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಸೋಲುವುದು ಸಾಕಷ್ಟು ಮಾಹಿತಿ ಇಲ್ಲದ್ದರಿಂದ. ಆದೇಶ ಬಂದ ಮೇಲೆ ಪಾಲನೆಯಾಗದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿಗೆ ಒಂದು ವರ್ಷದ ಗಡುವಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು, ಅಲ್ಲಿಯೂ ಘಟನೆಯ ಒಂದು ವರ್ಷದೊಳಗೆ. ಜೀತ ರದ್ದತಿ ಕಾಯ್ದೆಯ ಜಾರಿಯ ಮೇಲೆ ನಿಗಾ ಇಡುವ ಹೊಣೆಯನ್ನು 1997ರಲ್ಲಿ ಸುಪ್ರೀಂ ಕೋರ್ಟೇ ಆಯೋಗಕ್ಕೆ ವಹಿಸಿದೆ.

ಕೊನೆಗೆ, ಊರು ಸೇರಿದ ಮೇಲೆ

ಬಿಡುಗಡೆ ಪತ್ರ ಕೊಡುವುದು ಕಾರ್ಮಿಕರು ಸಿಕ್ಕ ಜಿಲ್ಲೆ. ಮನೆ, ನಿವೇಶನ, ಉದ್ಯೋಗ ಖಾತರಿ, ಪಡಿತರ, ಮಕ್ಕಳ ಶಾಲೆ ಇವೆಲ್ಲ ಸಿಗಬೇಕಾದದ್ದು ಅವರ ಸ್ವಂತ ಜಿಲ್ಲೆಯಲ್ಲಿ. ಎರಡು ಜಿಲ್ಲಾಧಿಕಾರಿ ಕಚೇರಿಗಳ ನಡುವೆ, ಕೆಲವೊಮ್ಮೆ ಎರಡು ರಾಜ್ಯಗಳ ನಡುವೆ, ಕಡತ ಕಳೆದುಹೋಗುವುದು ಇಲ್ಲಿಯೇ. ಆದ್ದರಿಂದ ಕುಟುಂಬ ಬಸ್ಸು ಹತ್ತುವ ಮೊದಲು ಬಿಡುಗಡೆ ಪತ್ರಗಳ ಎರಡು ಸೆಟ್ ಪ್ರತಿ ಮಾಡಿಸಿ, ಒಂದನ್ನು ಅವರ ಕೈಗೆ ಕೊಟ್ಟು, ಇನ್ನೊಂದನ್ನು ಅವರ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಲ್ಲಿಯೇ ಒಬ್ಬ ವಕೀಲರನ್ನು ಗೊತ್ತುಮಾಡುವಂತೆ ಕೋರಬೇಕು. ಸಾಕ್ಷ್ಯ ಹೇಳಲು ಅವರು ಮತ್ತೆ ಬರಬೇಕಾಗುವುದರಿಂದ, ಸಮನ್ಸು ತಲುಪುವ ವಿಳಾಸ ಮತ್ತು ನಂಬಿಕೆಯ ನೆಂಟರೊಬ್ಬರ ಫೋನ್ ನಂಬರನ್ನು ಅಂದೇ ಕಡತದಲ್ಲಿ ಬರೆದಿಟ್ಟುಕೊಳ್ಳಬೇಕು; ಬಂದುಹೋಗುವ ಖರ್ಚು, ಅಂದಿನ ಕೂಲಿ ನಷ್ಟವನ್ನು ಭರಿಸಿಕೊಡುವಂತೆ ಪ್ರತಿ ವಿಚಾರಣೆಗೂ ಮುಂಚಿತವಾಗಿ ನ್ಯಾಯಾಲಯವನ್ನು ಕೇಳಬೇಕು.