ಚಿಲ್ಲರ್ ಇಲ್ಲದೆ ಬಿಯರ್ ವರ್ಟನ್ನು ರಾತ್ರಿಯಿಡೀ ತಣಿಸುವ ಕ್ರಮ

ಕಾಯಿಸಿದ ಹಾಲು ಉಗುರುಬೆಚ್ಚಗಾಗುವವರೆಗೆ ಹೆಪ್ಪು ಹಾಕಬಾರದು ಎಂಬುದು ನಮ್ಮ ಅಡುಗೆಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಮನೆಯಲ್ಲಿ ಬಿಯರ್ ಮಾಡುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂಗಳೊಂದಿಗೆ ಒಂದು ಗಂಟೆ ಕುದಿದ ವರ್ಟ್, ಅಂದರೆ ಮಾಲ್ಟಿನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ) ಇಳಿಸಿದ ಸಿಹಿ ಕಷಾಯ, ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ತನಕ ಅದಕ್ಕೆ ಏಲ್ ಬಗೆಯ ಬಿಯರಿನ ಯೀಸ್ಟ್ ಹಾಕುವಂತಿಲ್ಲ. ಇದಕ್ಕಾಗಿ ಹೆಚ್ಚಿನವರು ಚಿಲ್ಲರ್ ಎಂಬ ತಾಮ್ರದ ಸುರುಳಿ ಕೊಳವೆಯನ್ನು ಪಾತ್ರೆಯೊಳಗೆ ಇಳಿಸಿ, ಅದರಲ್ಲಿ ತಣ್ಣೀರು ಹರಿಸಿ, ಅರ್ಧ ಗಂಟೆಯೊಳಗೆ ವರ್ಟನ್ನು ತಣಿಸುತ್ತಾರೆ. ಆದರೆ 20 ಲೀಟರ್ ವರ್ಟ್ ತಣಿಸಲು ಅದರ ಹಲವು ಪಟ್ಟು ನೀರು ಚರಂಡಿ ಸೇರುತ್ತದೆ.

ಈ ಪೋಲು ಸಹಿಸಲಾಗದ ಕಾಲವೊಂದು ಆಸ್ಟ್ರೇಲಿಯಕ್ಕೆ ಬಂದಿತ್ತು. 1990ರ ದಶಕದ ಕೊನೆಯಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ದೇಶದ ಆಗ್ನೇಯ ಭಾಗವನ್ನು ಕಾಡಿದ ಬರಗಾಲದಲ್ಲಿ, 2008ರ ಕೊನೆಯ ಹೊತ್ತಿಗೆ ಮೆಲ್ಬರ್ನ್ ನಿವಾಸಿಗಳಿಗೆ ತಲೆಗೆ ದಿನಕ್ಕೆ 155 ಲೀಟರ್ ನೀರಿನಲ್ಲಿ ಬದುಕು ನಡೆಸಿ ಎಂಬ ಕರೆ ಬಂದಿತ್ತು. ಕುದಿಯುವ ವರ್ಟನ್ನು ನೇರವಾಗಿ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮರುದಿನದವರೆಗೆ ತನ್ನಷ್ಟಕ್ಕೆ ತಣಿಯಲು ಬಿಡುವ ‘ನೋ ಚಿಲ್’ ಪದ್ಧತಿ ಅಲ್ಲಿನ ಮನೆ ಬ್ರೂವರ್‌ಗಳ ನಡುವೆ ಬೇರೂರಿದ್ದು ಇಂಥ ಪರಿಸ್ಥಿತಿಯಲ್ಲಿ. ಮೆಲ್ಬರ್ನಿಗೆ ಬಂದು ನೆಲೆಸಿದ ನಾನು ಈ ಹವ್ಯಾಸ ಕಲಿತದ್ದೇ ಈ ಪದ್ಧತಿಯಿಂದ. ಕೊಡ ಹಿಡಿದು ನಲ್ಲಿಯ ಮುಂದೆ ಸರದಿಗೆ ನಿಂತು ಬೆಳೆದವರಿಗೆ ನೀರು ಸುಮ್ಮನೆ ಹರಿದುಹೋಗುವುದನ್ನು ನೋಡುತ್ತಾ ನಿಲ್ಲುವುದು ಕಷ್ಟ.

ಮುಂದುವರಿಯುವ ಮೊದಲು ಕಾನೂನಿನ ಮಾತೊಂದನ್ನು ಹೇಳಬೇಕು. ಆಸ್ಟ್ರೇಲಿಯದಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಲು ಪರವಾನಗಿ ಬೇಕಿಲ್ಲ. ಕರ್ನಾಟಕದಲ್ಲಾದರೋ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇದು ಕಾನೂನು ಒಪ್ಪುವ ನಾಡುಗಳಲ್ಲಿರುವ ಕನ್ನಡಿಗರಿಗಾಗಿ ಬರೆದದ್ದು.

ಈ ಪದ್ಧತಿಯಲ್ಲಿ ಶುದ್ಧೀಕರಣದ ಮುಖ್ಯ ಕೆಲಸ ಮಾಡುವುದು ವರ್ಟಿನ ಶಾಖವೇ. 80 ಡಿಗ್ರಿಗಿಂತ ಬಿಸಿಯಾಗಿರುವ ವರ್ಟ್ ಕ್ಯಾನಿನ ಒಳಮೈಯನ್ನೆಲ್ಲ ಕೆಲವು ನಿಮಿಷ ಮುಟ್ಟಿಕೊಂಡಿದ್ದರೆ, ಬಿಯರನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳೂ ಕಾಡು ಯೀಸ್ಟುಗಳೂ ಸಾಯುತ್ತವೆ. ಆಮೇಲೆ ಹೊರಗಿನ ಗಾಳಿ ಒಳಗೆ ಹೋಗದಂತೆ ನೋಡಿಕೊಂಡರೆ ವರ್ಟ್ ನಿಧಾನವಾಗಿ ತಣಿದರೂ ಕೆಡುವ ಭಯವಿಲ್ಲ. ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ಬೆಲ್ಜಿಯಂನ ಲ್ಯಾಂಬಿಕ್ ಬಿಯರ್: ಬ್ರಸೆಲ್ಸಿನ ಕ್ಯಾಂಟಿಯೋನ್ ಬ್ರೂವರಿಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ವರ್ಟನ್ನು ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ತೆರೆದಿಟ್ಟು, ಗಾಳಿಯಲ್ಲಿರುವ ಯೀಸ್ಟು ಬ್ಯಾಕ್ಟೀರಿಯಾಗಳು ಬಂದು ಕೂರಲೆಂದೇ ಬಿಡುತ್ತಾರೆ. ರಾತ್ರಿಯಿಡೀ ತೆರೆದಿಟ್ಟ ವರ್ಟ್ ಏನಾಗುತ್ತದೆ ಎಂಬುದನ್ನು ಅಲ್ಲಿಂದಲೇ ತಿಳಿಯಬಹುದು. ನಮಗೆ ಬೇಕಾದ ಪೇಲ್ ಏಲ್‌ಗೆ ಅದು ಸಲ್ಲದು.

ಕ್ಯಾನನ್ನು ಆರಿಸುವಾಗ ಅವಸರ ಬೇಡ. ಆಹಾರಕ್ಕೆ ಯೋಗ್ಯವೆಂದು ನಮೂದಿಸಿರುವ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದೇ ಆಗಬೇಕು. ತ್ರಿಕೋನದೊಳಗೆ 2 ಎಂಬ ಅಂಕಿ ಅದರ ಗುರುತು. ಕುಡಿಯುವ ನೀರಿನ ತೆಳು ಬಾಟಲಿಗಳ ಪಿಇಟಿ ಪ್ಲಾಸ್ಟಿಕ್ ಈ ಶಾಖಕ್ಕೆ ಮುದುಡಿಹೋಗುತ್ತದೆ, ಗಾಜಿನ ಜಾಡಿಯಂತೂ ಸೀಳಿ ಕೈಕಾಲು ಸುಡಬಹುದು. ಆಸ್ಟ್ರೇಲಿಯದಲ್ಲಿ ‘ಕ್ಯೂಬ್’ ಎಂದು ಕರೆಯುವ ಚೌಕಾಕಾರದ ಗಟ್ಟಿ ಕ್ಯಾನು ಸುಲಭವಾಗಿ ಸಿಗುತ್ತದೆ. ಅದರ ಗಾತ್ರ ನಿಮ್ಮ ವರ್ಟಿನ ಅಳತೆಗೆ ಸರಿಹೊಂದಬೇಕು, ಏಕೆಂದರೆ ಅದನ್ನು ಕಂಠದವರೆಗೆ ತುಂಬಬೇಕಾಗುತ್ತದೆ.

ಕುದಿತ ಮುಗಿದು ಒಲೆ ಆರಿಸಿದ ಮೇಲೆ ವರ್ಟನ್ನು ಒಂದು ದಿಕ್ಕಿನಲ್ಲಿ ಜೋರಾಗಿ ತಿರುವಿ, ಮುಚ್ಚಳ ಹಾಕಿ, ಹತ್ತು ಹದಿನೈದು ನಿಮಿಷ ಬಿಡಿ. ಹಾಪ್ಸಿನ ಚರಟ ಮತ್ತು ಹೆಪ್ಪುಗಟ್ಟಿದ ಪ್ರೋಟೀನು ಪಾತ್ರೆಯ ನಡುವೆ ಗುಡ್ಡೆಯಾಗಿ ಕೂರುತ್ತವೆ. ಇಷ್ಟು ಹೊತ್ತಿಗೂ ವರ್ಟ್ 90 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೊದಲೇ ತೊಳೆದು, ಪಾತ್ರೆ ಶುದ್ಧಗೊಳಿಸುವ ಸ್ಯಾನಿಟೈಸರ್ ದ್ರಾವಣ ಆಡಿಸಿಟ್ಟ ಕ್ಯೂಬಿನ ತಳದವರೆಗೆ ಶಾಖ ತಡೆಯುವ ಸಿಲಿಕೋನ್ ಕೊಳವೆ ಇಳಿಸಿ, ಪಾತ್ರೆಯ ನಲ್ಲಿ ತೆರೆದು, ನೊರೆಯೇಳದಂತೆ ನಿಧಾನವಾಗಿ ತುಂಬಿ. ಸಕ್ಕರೆ ತುಂಬಿದ ಈ ದ್ರವ ಮೈಗೆ ತಾಗಿದರೆ ಬಿಸಿ ಬೆಲ್ಲದ ಪಾಕದಂತೆ ಅಂಟಿಕೊಂಡು ಸುಡುತ್ತದೆ. ದಪ್ಪ ಕೈಗವಸು, ಮುಚ್ಚಿದ ಚಪ್ಪಲಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಮಕ್ಕಳು ಆ ಕಡೆ ಸುಳಿಯಬಾರದು.

ತುಂಬಿದ ಮೇಲೆ ಬಿಸಿಗೆ ಮೆತ್ತಗಾದ ಕ್ಯೂಬಿನ ಎರಡು ಪಕ್ಕಗಳನ್ನು ಮೊಣಕಾಲುಗಳಿಂದಲೋ ಎರಡು ಹಲಗೆಗಳಿಂದಲೋ ಮೆಲ್ಲಗೆ ಒತ್ತಿ, ವರ್ಟ್ ಬಾಯಿಯ ಅಂಚಿಗೆ ಬಂದು ಗಾಳಿಯೆಲ್ಲ ಹೊರಹೋದ ಕ್ಷಣದಲ್ಲೇ ಮುಚ್ಚಳ ಬಿಗಿಯಿರಿ. ಅನಂತರ ಕ್ಯೂಬನ್ನು ಮುಚ್ಚಳ ಕೆಳಗಾಗುವಂತೆ ಮಲಗಿಸಿ ಹದಿನೈದು ನಿಮಿಷ ಬಿಟ್ಟು, ಮತ್ತೊಂದು ಮಗ್ಗುಲಿಗೂ ಹೊರಳಿಸಬೇಕು. ಹಿಡಿಕೆಯ ಟೊಳ್ಳು ಮತ್ತು ಮುಚ್ಚಳದ ತಿರುಪುಗಳಿಗೆ ಬಿಸಿ ವರ್ಟ್ ತಲುಪುವುದು ಹೀಗೆ ಹೊರಳಿಸಿದಾಗ ಮಾತ್ರ. ಒಮ್ಮೆ ನಾನು ದಣಿದು ಈ ಹಂತ ಬಿಟ್ಟೆ. ಆ ಸಲದ ಬಿಯರಿಗೆ ಹಳೆಯ ಮಜ್ಜಿಗೆಯ ಹುಳಿ ಬಂದು, 20 ಲೀಟರನ್ನೂ ಚೆಲ್ಲಬೇಕಾಯಿತು.

ಹೀಗೆ ಮುಚ್ಚಿದ ಕ್ಯೂಬನ್ನು ಗಾಳಿಯಾಡುವ ಜಾಗದಲ್ಲಿ, ಗೋಡೆಗೆ ತಾಗಿಸದೆ, ಕೆಳಗೆರಡು ಮರದ ಪಟ್ಟಿ ಕೊಟ್ಟು ನಿಲ್ಲಿಸಿ. 18 ಡಿಗ್ರಿಯ ಕೋಣೆಯಲ್ಲಿ 20 ಲೀಟರ್ ವರ್ಟ್ 25 ಡಿಗ್ರಿಗೆ ಇಳಿಯಲು ಸುಮಾರು ಹನ್ನೆರಡು ಗಂಟೆ ಬೇಕು. ಮೊದಲರ್ಧ ಶಾಖ ಬೇಗ ಇಳಿಯುತ್ತದೆ, ಕೊನೆಯ ಹತ್ತು ಡಿಗ್ರಿಗೇ ಬೆಳಗಾಗುತ್ತದೆ. ತಣಿದಂತೆ ವರ್ಟ್ ಕುಗ್ಗುವುದರಿಂದ ಕ್ಯೂಬಿನ ಪಕ್ಕಗಳು ಒಳಗೆ ಎಳೆದುಕೊಳ್ಳುತ್ತವೆ. ನಡುರಾತ್ರಿ ‘ಠಕ್’ ಎಂದು ಪ್ಲಾಸ್ಟಿಕ್ ಒಳಬಾಗುವ ಸದ್ದು ನನಗೆ ನೆಮ್ಮದಿ ಕೊಡುತ್ತದೆ, ಏಕೆಂದರೆ ಮುಚ್ಚಳ ಗಾಳಿ ಬಿಡುತ್ತಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಪಾಕವಿಧಾನವನ್ನು ಮಾತ್ರ ಸ್ವಲ್ಪ ತಿದ್ದಿಕೊಳ್ಳಬೇಕು. ವರ್ಟ್ ಗಂಟೆಗಟ್ಟಲೆ ಬಿಸಿಯಾಗಿಯೇ ಇರುವುದರಿಂದ, ಒಲೆ ಆರಿದ ಮೇಲೂ ಹಾಪ್ಸಿನ ಆಲ್ಫಾ ಆಮ್ಲಗಳು ಕಹಿಯಾಗಿ ಮಾರ್ಪಡುತ್ತಲೇ ಇರುತ್ತವೆ. ಒಂದು ಗಂಟೆ ಕುದಿಯುವ ಹಾಪ್ಸಿನಲ್ಲಿ ಇದರಿಂದ ಹೆಚ್ಚು ವ್ಯತ್ಯಾಸವಾಗದು. ಕೊನೆಯಲ್ಲಿ ಹಾಕುವವುಗಳ ಲೆಕ್ಕ ತಪ್ಪುತ್ತದೆ. ನಾನು ಅನುಸರಿಸುವ ಲೆಕ್ಕ ಇಷ್ಟು: ಕುದಿತ ಮುಗಿಯಲು 20 ನಿಮಿಷವಿದ್ದಾಗ ಹಾಕಬೇಕೆಂದಿರುವ ಹಾಪ್ಸನ್ನು ಒಲೆ ಆರಿಸಿದಾಗ ಹಾಕುತ್ತೇನೆ, ಅದಕ್ಕೂ ಈಚಿನ, ಪರಿಮಳಕ್ಕೆಂದೇ ಇರುವ ಹಾಪ್ಸನ್ನು ಹುದುಗುವಿಕೆ ಮುಗಿಯುವ ಹೊತ್ತಿಗೆ ನೇರವಾಗಿ ಬಿಯರಿಗೆ ಸೇರಿಸುತ್ತೇನೆ. ಪಿಲ್ಸ್ನರ್ ಎಂಬ ತೆಳುಬಣ್ಣದ ಮಾಲ್ಟ್ ಬಳಸುವವರು ಕುದಿತವನ್ನು 90 ನಿಮಿಷಕ್ಕೆ ಏರಿಸಿ, ಪಾತ್ರೆ ತೆರೆದಿಟ್ಟು ಕುದಿಸಬೇಕು. ಬೇಯಿಸಿದ ಮೆಕ್ಕೆಜೋಳದ ವಾಸನೆ ಕೊಡುವ ಡಿಎಂಎಸ್ ಎಂಬ ಅಂಶಕ್ಕೆ ಮುಚ್ಚಿದ ಕ್ಯೂಬಿನಿಂದ ಹೊರಬೀಳುವ ದಾರಿಯಿಲ್ಲ, ಅದು ಮೊದಲೇ ಆವಿಯಾಗಿ ಹೋಗಿರಬೇಕು.

ತುಂಬಿದ ಕ್ಯೂಬನ್ನು ವಾರಗಟ್ಟಲೆ ಮೂಲೆಯಲ್ಲಿಟ್ಟು ಬಿಡುವು ಸಿಕ್ಕಾಗ ಯೀಸ್ಟ್ ಹಾಕುವವರಿದ್ದಾರೆ. ಈ ಒಂದು ವಿಷಯದಲ್ಲಿ ನಾನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ. ಬಾಟ್ಯುಲಿಸಂ ಎಂಬ ಮಾರಣಾಂತಿಕ ಆಹಾರವಿಷ ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಯ ಕುದಿತಕ್ಕೆ ಸಾಯುವುದಿಲ್ಲ. ಗಾಳಿಯಿಲ್ಲದ ಜಾಗ ಮತ್ತು 4.6ಕ್ಕಿಂತ ಹೆಚ್ಚಿನ ಪಿಎಚ್ (ಹುಳಿ ಕಡಿಮೆಯಾದಷ್ಟೂ ಏರುವ ಅಳತೆ) ಅವುಗಳಿಗೆ ಅನುಕೂಲ, ವರ್ಟಿನ ಪಿಎಚ್ ಸಾಮಾನ್ಯವಾಗಿ 5ಕ್ಕಿಂತ ಮೇಲಿರುತ್ತದೆ. ಹುದುಗುವಿಕೆ ಆರಂಭವಾದ ಮೇಲೆ ಆಮ್ಲವೂ ಆಲ್ಕೋಹಾಲೂ ಹೆಚ್ಚಿ ಆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಸಂಜೆ ತುಂಬಿದ ವರ್ಟಿಗೆ ಮರುದಿನ ಬೆಳಿಗ್ಗೆ, ತಪ್ಪಿದರೆ ಮರುದಿನದ ಸಂಜೆಯೊಳಗೆ, ಯೀಸ್ಟ್ ಬೀಳಬೇಕು.

ಬೆಳಿಗ್ಗೆ ಮೊದಲು ಕ್ಯೂಬನ್ನು ನೋಡಿ. ಪಕ್ಕಗಳು ಒಳಗೆ ಕುಸಿದಿದ್ದರೆ ಸರಿ. ಉಬ್ಬಿಕೊಂಡಿದ್ದರೆ ಯಾವುದೋ ಜೀವಿ ಒಳಗೆ ಅನಿಲ ಬಿಡುತ್ತಿದೆ ಎಂದರ್ಥ, ರುಚಿ ನೋಡದೆ ಚೆಲ್ಲಿ. ಹೊರಮೈಗೆ ಉಷ್ಣಮಾಪಕ ಪಟ್ಟಿ ಅಂಟಿಸಿದ್ದರೆ ಮುಚ್ಚಳ ತೆರೆಯದೆಯೇ ಶಾಖ ತಿಳಿಯುತ್ತದೆ. ಇನ್ನೂ 20 ಡಿಗ್ರಿಗಿಂತ ಮೇಲಿದ್ದರೆ ತಣ್ಣೀರಿನ ಟಬ್ಬಿನಲ್ಲಿ ಒಂದೆರಡು ಗಂಟೆ ನಿಲ್ಲಿಸಿ, ಆ ನೀರನ್ನು ಗಿಡಕ್ಕೆ ಹಾಕಿ. ಶುದ್ಧಗೊಳಿಸಿದ ಹುದುಗುಪಾತ್ರೆಗೆ ವರ್ಟನ್ನು ಎತ್ತರದಿಂದ, ಚಹಾ ಆರಿಸುವಾಗ ಮಾಡುವಂತೆ, ನೊರೆಯೇಳುವ ಹಾಗೆ ಸುರಿಯಿರಿ. ಕುದಿದ ವರ್ಟಿನಲ್ಲಿ ಆಮ್ಲಜನಕ ಉಳಿದಿರುವುದಿಲ್ಲ, ಯೀಸ್ಟಿಗೆ ಅದು ಆರಂಭದಲ್ಲೇ ಬೇಕು. ತಳದಲ್ಲಿ ಕೂತ ಬಿಳಿ ಗಸಿ ಸ್ವಲ್ಪ ಬಂದರೆ ಚಿಂತೆಯಿಲ್ಲ. 18ರಿಂದ 20 ಡಿಗ್ರಿಯಲ್ಲಿ ಯೀಸ್ಟ್ ಉದುರಿಸಿ ಮುಚ್ಚಿ, ಕ್ಯೂಬಿನ ಹಿಡಿಕೆಯೊಳಗಿನ ಅಂಟು ಒಣಗುವ ಮೊದಲೇ ಬಿಸಿನೀರು ಹಾಕಿ ಕುಲುಕಿ ತೊಳೆದು, ಬೋರಲು ಹಾಕಿ.